ಅಗ್ರಹಾರದ ಜಗಲಿಯ ಲೆಕ್ಕ

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಆ ಸ್ಥಾನಕ್ಕೆ ಕಾಂಗ್ರೆಸ್ಸು ಯಾರನ್ನು ನಿಲ್ಲಿಸೀತೆಂಬ ತರ್ಕ ಮೈಸೂರಿನ ನಮ್ಮ ಅಗ್ರಹಾರದ ಜಗಲಿಗಳಲ್ಲೂ ನಡೆಯಿತು. ತೀರ್ಮಾನವಾಗಬೇಕಿದ್ದುದು ಬೆಂಗಳೂರಿನಲ್ಲಿ, ಪಕ್ಷದ ಅಧ್ಯಕ್ಷರೂ ನಮ್ಮ ನಿಜಲಿಂಗಪ್ಪನವರೇ.

ನಮ್ಮ ತಂದೆಯವರದು ಒಂದೇ ಮಾತು: "ಪ್ರಧಾನಿ ಬಯಸಿದವರೇ ಅಭ್ಯರ್ಥಿ." ಎದುರುಮನೆಯ ಮೇಷ್ಟರು, "ರಾಯರೇ, ಬೋರ್ಡಿನಲ್ಲಿರುವ ತಲೆಗಳನ್ನು ಎಣಿಸಿ" ಎಂದರು. ಎಣಿಕೆಯೇ ಗೆದ್ದಿತು. ಜುಲೈ 12ರಂದು ಪಾರ್ಲಿಮೆಂಟರಿ ಬೋರ್ಡು, ಇಂದಿರಾ ಗಾಂಧಿಯವರು ಸೂಚಿಸಿದ ಜಗಜೀವನ ರಾಮರನ್ನು ಬಿಟ್ಟು, 4–2 ಮತಗಳಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಚವಾಣರ ಮತವೂ ರೆಡ್ಡಿಯವರಿಗೇ ಬಿದ್ದಿತ್ತು.

ಮೇಷ್ಟರ ಲೆಕ್ಕ ಅಲ್ಲಿಗೇ ನಿಂತಿತು. ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿದ್ದ ಪ್ರಧಾನಿಯವರೇ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದುಬಿಟ್ಟರು! ಆಗಸ್ಟ್ 20ರಂದು, ಎರಡನೆಯ ಪ್ರಾಶಸ್ತ್ಯದ ಮತಗಳನ್ನೂ ಎಣಿಸಿದ ಮೇಲೆ, ಗಿರಿಯವರು ಗೆದ್ದರು.

ನವೆಂಬರಿನಲ್ಲಿ ಕಾಂಗ್ರೆಸ್ಸು ಒಡೆಯಿತು. ನಮ್ಮ ಜಗಲಿಯೂ ಒಡೆಯಿತು. ತಂದೆಯವರು ಇಂದಿರಾ ಕಡೆ, ಮೇಷ್ಟರು ನಿಜಲಿಂಗಪ್ಪನವರ ಕಡೆ. ಎರಡು ಮನೆಗಳ ನಡುವೆ ಮಾತು ನಿಂತೇಹೋಯಿತು. 1977ರಲ್ಲಿ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದ ದಿನ, ಎಂಟು ವರ್ಷಗಳ ಮೇಲೆ, ಮೇಷ್ಟರು ಪತ್ರಿಕೆ ಹಿಡಿದು ನಮ್ಮ ಮೆಟ್ಟಿಲು ಹತ್ತಿದರು. ತಂದೆಯವರು ಒಳಗೆ ತಿರುಗಿ, "ಎರಡು ಲೋಟ ಕಾಫಿ" ಎಂದರು.