ಪಾಠದ ಪರದೆ, ಮಗುವಿನ ಪ್ರಶ್ನೆ

ಶಾಲೆಗೆ ಸೇರಿಸುವ ಹೊತ್ತಿಗೆ ಪೋಷಕರ ಕೈ ಸೇರುವ ಕರಪತ್ರದಲ್ಲಿ ‘ಸ್ಮಾರ್ಟ್ ಕ್ಲಾಸ್’ ಎಂಬ ಸಾಲು ಈಗ ಸಾಮಾನ್ಯ. ಪರದೆ ಮುಟ್ಟಿದರೆ ಚಿತ್ರ ಕದಲುತ್ತದೆ, ಆದ್ದರಿಂದ ಪಾಠ ಸಂವಾದವಾಯಿತು ಎಂಬುದು ಅದರ ತರ್ಕ. ಕರ್ನಾಟಕದ ಶಾಲೆಗಳಿಗೆ ಪರದೆ ಬಂದ ಬಗೆಯನ್ನು ನೋಡಿದರೆ ಈ ತರ್ಕ ನಿಲ್ಲುವುದಿಲ್ಲ. 1975ರ ಆಗಸ್ಟ್ 1ರಂದು ಶುರುವಾದ ‘ಸೈಟ್’ ಪ್ರಯೋಗ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿತು. ನಮ್ಮಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ. ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯ, ಮೂರು ಮೀಟರ್ ಅಗಲದ ಆಂಟೆನಾ. ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ವಿಷಯ. ಪೆಟ್ಟಿಗೆಯನ್ನು ಪ್ರಶ್ನೆ ಕೇಳುವಂತಿರಲಿಲ್ಲ. ಅದರ ಜೊತೆಗೇ, ಪ್ರಯೋಗ ನಡೆದ ಒಂದೇ ವರ್ಷದೊಳಗೆ, ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು.

2004ರ ಸೆಪ್ಟೆಂಬರ್‌ನಲ್ಲಿ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಜಾಲದಲ್ಲಿ ಎರಡು ಬಗೆಯ ಟರ್ಮಿನಲ್‌ಗಳಿದ್ದವು: ಒಂದರಲ್ಲಿ ಎದುರು ಮಾತಾಡಬಹುದು, ಇನ್ನೊಂದರಲ್ಲಿ ಬಂದದ್ದನ್ನು ನೋಡಬಹುದು ಅಷ್ಟೆ. ಸಂವಾದಕ್ಕೆ ಹೆಚ್ಚು ಖರ್ಚು ಎಂಬ ಸತ್ಯ ಅಲ್ಲೇ ಇತ್ತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅಷ್ಟು ಸಾಲದೆಂದೇ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಊರೂರಿಗೆ ಹೋಗಿ ಗುಡಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡರು.

ಶಿಕ್ಷಕರೇ ಇಲ್ಲದ ಕಡೆ ಒಳ್ಳೆಯ ವಿಡಿಯೋ ಇರುವುದು ಮೇಲಲ್ಲವೇ? ನಿಜ, ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಖಾಲಿ ಹುದ್ದೆಯನ್ನು ಖಾಲಿಯೇ ಬಿಡಲು ಅದು ನೆಪವಾಗಬಾರದು. ಇಂದಿನ ಟ್ಯಾಬ್ ಉತ್ತರವನ್ನು ತಕ್ಷಣ ತಿದ್ದುತ್ತದಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. 47ಕ್ಕೆ 38 ಕೂಡಿಸಿ ಮಗು 715 ಎಂದು ಬರೆದರೆ ಟ್ಯಾಬ್ ತಪ್ಪು ಎನ್ನುತ್ತದೆ. ಚೆನ್ನಾಗಿ ರೂಪಿಸಿದ್ದರೆ ದಶಕವನ್ನು ಅದರ ಸ್ಥಾನಕ್ಕೆ ಒಯ್ದು ಕೂಡಿಸಿಲ್ಲ ಎಂದೂ ತೋರಿಸೀತು. ಆದರೂ ತಿಳಿಯದೆ ತಪ್ಪಿತೋ, ಅವಸರದಲ್ಲಿ ತಪ್ಪಿತೋ ಎಂದು ವಿಚಾರಿಸಿ, ಹತ್ತು ಕಡ್ಡಿಗಳ ಕಟ್ಟು ಕಟ್ಟಿಸಿ ಮತ್ತೆ ಎಣಿಸಲು ಹೇಳುವವರು ಎದುರಿಗಿರಬೇಕು. ಹಾಗಾಗಿ ಪೋಷಕರ ಸಭೆಯಲ್ಲಿ ಪರದೆಯ ಅಳತೆ, ಬೆಲೆಗಳಿಗಿಂತ ಮೊದಲು ಕೇಳಬೇಕಾದದ್ದು ಎರಡು: ಅದನ್ನು ಬಳಸುವ ಶಿಕ್ಷಕರಿಗೆ ತರಬೇತಿ ಆಗಿದೆಯೇ? ಮಕ್ಕಳ ತಪ್ಪುತ್ತರಗಳನ್ನು ನೋಡಿ ಅವರು ಮರುದಿನದ ಪಾಠವನ್ನು ಬದಲಿಸುತ್ತಾರೆಯೇ? ಹೌದೆಂದರೆ ಆ ಹಣ ಸಾರ್ಥಕ. ಇಲ್ಲವೆಂದರೆ ನಾವು ಕೊಳ್ಳುತ್ತಿರುವುದು ದುಬಾರಿ ಟಿವಿಯನ್ನೇ.