ಪದ ಪರಿಚಯ: ಸಿಎಂಟಿ

ಶಾರ್ಕೋ–ಮಾರೀ–ಟೂತ್ ಕಾಯಿಲೆಯ ಮೊಟಕು ಹೆಸರು ಸಿಎಂಟಿ. 1886ರಲ್ಲಿ ಇದನ್ನು ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಶಾರ್ಕೋ, ಅವರ ಶಿಷ್ಯ ಪಿಯೇರ್ ಮಾರೀ ಮತ್ತು ಇಂಗ್ಲೆಂಡಿನ ಹೊವಾರ್ಡ್ ಹೆನ್ರಿ ಟೂತ್. ‘ಟೂತ್’ ಮನುಷ್ಯನ ಹೆಸರು; ಹಲ್ಲಿಗೂ ಈ ರೋಗಕ್ಕೂ ನಂಟಿಲ್ಲ. ವಂಶವಾಹಿಯ ದೋಷದಿಂದ ಕೈಕಾಲಿನ ನರಗಳು ವರ್ಷಗಟ್ಟಲೆ ಮೆಲ್ಲಮೆಲ್ಲನೆ ಸೊರಗುತ್ತವೆ. ಪಾದದ ಕಮಾನು ಎತ್ತರವಾಗುತ್ತದೆ, ಕಾಲ್ಬೆರಳು ಮಡಚಿಕೊಳ್ಳುತ್ತವೆ, ಮುಂಗಾಲು ಜೋತುಬಿದ್ದು ಹೊಸ್ತಿಲಿಗೂ ಎಡವುವಂತಾಗುತ್ತದೆ. ಮುಂದೆ ಅಂಗಿಯ ಗುಂಡಿ ಹಾಕಲೂ ಬೆರಳು ಸೋಲಬಹುದು. ಗೋಡೆಬರಹದ ಜಾಹೀರಾತುಗಳ ‘ನರದೌರ್ಬಲ್ಯ’ವನ್ನು ದಯವಿಟ್ಟು ಇದಕ್ಕೆ ಅಂಟಿಸಬೇಡಿ, ಆ ಪದ ರೋಗಿಯನ್ನು ನಾಚಿಸುತ್ತದೆ, ಬೇರೇನೂ ಮಾಡುವುದಿಲ್ಲ. ಪೂರ್ತಿ ಗುಣಪಡಿಸುವ ಮದ್ದಿಲ್ಲದಿದ್ದರೂ ಫಿಸಿಯೋಥೆರಪಿ, ಕಾಲಿನ ಆಸರೆಪಟ್ಟಿಗಳಿಂದ ನಡಿಗೆ ಸುಧಾರಿಸುತ್ತದೆ. ಸಿಎಂಟಿ ಇರುವವರು ಯಾವ ವೈದ್ಯರಲ್ಲಿಗೆ ಹೋದರೂ ಮೊದಲು ಈ ಹೆಸರು ಹೇಳಿ: ವಿನ್‌ಕ್ರಿಸ್ಟೀನ್‌ ಎಂಬ ಕ್ಯಾನ್ಸರ್ ಔಷಧ ಈ ನರಗಳಿಗೆ ತೀವ್ರ ಹಾನಿ ಮಾಡಬಲ್ಲದು.