ಸದ್ದು ಒಡೆದ ಕಥೆ: ವಾಲ್ವ್ ಗಿಟಾರ್ ಆಂಪ್‌ಗಳು ಬೆಳೆದು ಬಂದ ದಾರಿ



ಎಲೆಕ್ಟ್ರಿಕ್ ಗಿಟಾರ್ ಹಿಡಿದ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿ ಈಗ ಒಂದೇ ಪ್ರಶ್ನೆ: ಹೆವಿ ಮ್ಯೂಸಿಕ್ ನುಡಿಸಲು ಯಾವ ಟ್ಯೂಬ್ ಆಂಪ್ ತೆಗೆದುಕೊಳ್ಳುವುದು? ಮಾರ್ಷಲ್, ಮೇಸಾ ಬೂಗಿ, ಪೀವಿ ಎಂಬ ಹೆಸರುಗಳು ಎಲ್ಲರಿಗೂ ಬಾಯಿಪಾಠ. ಆದರೆ ಯಾವುದು ಯಾಕೆ ಹುಟ್ಟಿತು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. 100 ವಾಟ್‌ನ ಒಂದು ಹೊಸ ಆಂಪ್‌ನ ಬೆಲೆಗೆ ಒಳ್ಳೆಯ ಬೈಕೇ ಬರುತ್ತದೆ ಮಾರಾಯ್ರೇ! ಅದು ಮನೆಯವರು ಗಲ್ಫಿನಲ್ಲಿ ಬೆವರು ಸುರಿಸಿ ಕಳುಹಿಸಿದ ಹಣವಾಗಿದ್ದರಂತೂ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಸ್ವಲ್ಪ ಚರಿತ್ರೆ ಓದಿಕೊಳ್ಳುವುದು ಒಳ್ಳೆಯದು. ಏಕೆಂದರೆ ಈ ಆಂಪ್‌ಗಳಲ್ಲಿ ಒಂದೊಂದೂ ಯಾರೋ ಒಬ್ಬರ ಒಂದು ತೊಂದರೆಗೆ ಪರಿಹಾರವಾಗಿ ಹುಟ್ಟಿದ್ದು. ಆ ತೊಂದರೆ ನಮಗೂ ಇದೆಯೇ ಎಂದು ನೋಡಿಕೊಂಡರೆ ಆಯ್ಕೆಯ ಅರ್ಧ ಕೆಲಸ ಮುಗಿಯಿತು.

ಮೊದಲು ಹೆಸರಿನ ಗೊಂದಲ. ಟ್ಯೂಬ್ ಎಂದರೆ ಟ್ಯೂಬ್‌ಲೈಟ್ ಅಲ್ಲ. ಅಮೆರಿಕದವರು ಟ್ಯೂಬ್ ಎನ್ನುವುದನ್ನೇ ಬ್ರಿಟಿಷರೂ ನಮ್ಮ ಹಿರಿಯರೂ ವಾಲ್ವ್ ಎಂದರು. ಅಜ್ಜನ ಕಾಲದ ರೇಡಿಯೋವನ್ನು ಆನ್ ಮಾಡಿ ಅರ್ಧ ನಿಮಿಷ ಕಾದ ಮೇಲೆ ಸಿಲೋನ್ ಕೇಳಿಸುತ್ತಿತ್ತಲ್ಲ, ಆ ಅರ್ಧ ನಿಮಿಷ ವಾಲ್ವ್ ಬಿಸಿಯಾಗಲು ಬೇಕಾದ ಸಮಯ. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದಲೇ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆದ್ದರಿಂದ ಇದು ನಮಗೆ ತೀರಾ ಪರಕೀಯ ವಸ್ತುವೇನಲ್ಲ.

ಒಳಗಿನ ವಿಷಯ ಸರಳ. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಬಿಸಿಯಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು, ನೂರಾರು ವೋಲ್ಟ್ ಇರುವ ಪ್ಲೇಟಿನ ಕಡೆಗೆ ಓಡುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮಾಡಿದ ವಾಲ್ವ್‌ನಲ್ಲಿ ಇದ್ದುದು ಇಷ್ಟೇ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ನಡುವೆ ಒಂದು ತಂತಿಬಲೆ ಸೇರಿಸಿದರು, ಅದೇ ಗ್ರಿಡ್. ಗ್ರಿಡ್‌ಗೆ ಕೊಟ್ಟ ಸಣ್ಣ ಸಂಕೇತ ಪ್ಲೇಟಿನಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ಗಿಟಾರ್ ಆಂಪ್‌ಗಳಲ್ಲಿ ಈಗಲೂ ಬಳಸುವ ಇಸಿಸಿ83 ಎಂಬ ಪುಟ್ಟ ವಾಲ್ವ್‌ನ ಒಂದು ಹಂತ ಸಂಕೇತವನ್ನು ಸುಮಾರು 50 ಪಟ್ಟು ದೊಡ್ಡದು ಮಾಡುತ್ತದೆ.

ಅದರ ಶಕ್ತಿ ಮೀರಿ ಸಂಕೇತ ಕೊಟ್ಟರೆ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ನಮ್ಮ ಹಬ್ಬಗಳಲ್ಲಿ ಮೈಕಿನವರು ವಾಲ್ಯೂಮ್ ಏರಿಸಿದಾಗ ಸದ್ದು ಒಡೆಯುವುದು ಇದೇ ಕಾರಣಕ್ಕೆ. ಇಂಜಿನಿಯರ್‌ಗಳ ಪಾಲಿಗೆ ಇದು ದೋಷ. ಆದರೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನಗಳು ಹೊಸದಾಗಿ ಹುಟ್ಟುತ್ತವೆ. ಒಟ್ಟಿಗೆ ಎರಡು ಸ್ವರ ನುಡಿಸಿದರೆ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಸ ಮತ್ತು ಪ ಸ್ವರಗಳ ಅನುಪಾತ 2:3. ವ್ಯತ್ಯಾಸ 1, ಅಂದರೆ ಒಂದು ಸ್ಥಾಯಿ ಕೆಳಗಿನ ಸ. ಗಿಟಾರಿನ ದಪ್ಪ ತಂತಿಯ 82 ಹರ್ಟ್ಸ್ ಸ್ವರವನ್ನು ಅದರ ಪಂಚಮದೊಂದಿಗೆ ನುಡಿಸಿದರೆ, ಯಾರೂ ನುಡಿಸದ 41 ಹರ್ಟ್ಸ್ ಸ್ವರ ಸ್ಪೀಕರಿನಿಂದ ಹೊರಡುತ್ತದೆ. ಅದು ಬಾಸ್ ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ! ಪವರ್ ಕಾರ್ಡ್ ಎಂಬುದರ ಗುಟ್ಟು ಇದು. ಅದೇ ಒಡೆದ ಸದ್ದಿನಲ್ಲಿ ಗಾಂಧಾರ ಸೇರಿಸಿದರೆ ವ್ಯತ್ಯಾಸದ ಸ್ವರಗಳು ಒಂದಕ್ಕೊಂದು ಹೊಂದದೆ ಕಲಸುಮೇಲೋಗರವಾಗುತ್ತದೆ. ಹೆವಿ ಸಂಗೀತದವರು ಸ-ಪ ಬಿಟ್ಟು ಕದಲದಿರುವುದು ಸೋಮಾರಿತನದಿಂದಲ್ಲ.

ಈ ದೋಷವನ್ನು ಬೇಕೆಂದೇ ಹುಡುಕಿದವರಲ್ಲಿ ಲಂಡನ್ನಿನ ಹದಿಹರೆಯದ ಡೇವ್ ಡೇವಿಸ್ ಒಬ್ಬರು. 1964ರ 'ಯು ರಿಯಲಿ ಗಾಟ್ ಮಿ' ಹಾಡಿಗಾಗಿ ಅವರು ತಮ್ಮ ಸಣ್ಣ ಆಂಪ್‌ನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದರು. ಹಾಗೆ ಮಾಡಿ ನೋಡಲು ಯಾರೂ ಹೋಗಬೇಡಿ, ಸ್ಪೀಕರ್ ದುಬಾರಿ.

ಆದರೆ ಹೆವಿ ಸಂಗೀತದ ಬೇರು ಇರುವುದು ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ. 1923ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲಿ ಎಲುಬಿನ ಕ್ಷಯ. ಬಾಲ್ಯದ ಹಲವು ವರ್ಷ ಆಸ್ಪತ್ರೆಯಲ್ಲಿ ಪ್ಲಾಸ್ಟರಿನೊಳಗೇ ಕಳೆದವು. ಮುಂದೆ ಡ್ರಮ್ ಕಲಿಸುತ್ತಾ 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಲ್ಲಿಗೆ ಬರುತ್ತಿದ್ದ ಪೀಟ್ ಟೌನ್‌ಷೆಂಡ್, ರಿಚೀ ಬ್ಲ್ಯಾಕ್‌ಮೋರ್‌ರಂಥ ಹುಡುಗರಿಗೆ ಗಟ್ಟಿ ಸದ್ದಿನ ಆಂಪ್ ಬೇಕಿತ್ತು. ಅಮೆರಿಕದಿಂದ ಬರುವ ಫೆಂಡರ್ ತುಂಬಾ ದುಬಾರಿ. ಹಾಗಾಗಿ ಅಂಗಡಿಯ ರಿಪೇರಿಗಾರ ಕೆನ್ ಬ್ರ್ಯಾನ್ ಮತ್ತು ಇನ್ನೂ ಹದಿಹರೆಯದಲ್ಲಿದ್ದ ಡಡ್ಲಿ ಕ್ರೇವನ್ ಸೇರಿ ಫೆಂಡರ್ ಬಾಸ್‌ಮನ್ ಆಂಪನ್ನು ಮಾದರಿಯಾಗಿಟ್ಟು, ಇಂಗ್ಲೆಂಡಿನಲ್ಲಿ ಸಿಗುವ ಭಾಗಗಳಿಂದ 1962ರ ಸುಮಾರಿಗೆ ಜೆಟಿಎಂ45 ತಯಾರಿಸಿದರು. ಮೊದಲ ಹಂತದಲ್ಲಿ ಹೆಚ್ಚು ಗೇನ್ ಇರುವ ಇಸಿಸಿ83, ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸ್ಪೀಕರ್. ನಕಲು ಎಂದು ಶುರುವಾದದ್ದು ಮೂಲಕ್ಕಿಂತ ಬೇಗ, ಹೆಚ್ಚು ಒರಟಾಗಿ ಒಡೆಯತೊಡಗಿತು.

1965ರಲ್ಲಿ ಟೌನ್‌ಷೆಂಡ್ 100 ವಾಟ್ ಕೇಳಿದರು, ಎಂಟು ಸ್ಪೀಕರ್‌ಗಳ ಪೆಟ್ಟಿಗೆಯನ್ನೂ ಕೇಳಿದರು. ಅದನ್ನು ಹೊರಲಾರದೆ ಕೆಲಸದವರು ಗೋಳಾಡಿದಾಗ ಎರಡಾಗಿ ಭಾಗ ಮಾಡಿ ಒಂದರ ಮೇಲೊಂದು ಇಟ್ಟರು. ಪೋಸ್ಟರ್‌ಗಳಲ್ಲಿ ಕಾಣುವ ಆಳೆತ್ತರದ 'ಮಾರ್ಷಲ್ ಸ್ಟ್ಯಾಕ್' ಹುಟ್ಟಿದ್ದು ಹಾಗೆ. ಇಲ್ಲೊಂದು ಮಾತು ನೆನಪಿಡಿ: ಆಗ ಸಭಾಂಗಣದ ಮೈಕ್ ವ್ಯವಸ್ಥೆ ಹಾಡುಗಾರರ ದನಿಗೇ ಸಾಲುತ್ತಿರಲಿಲ್ಲ. ಗಿಟಾರ್ ಕೇಳಿಸಬೇಕಾದರೆ ಆಂಪೇ ಕೂಗಬೇಕಿತ್ತು. 100 ವಾಟ್ ಆ ಕಾಲದ ತೊಂದರೆಗೆ ಉತ್ತರ.

ಇನ್ನು ಬರ್ಮಿಂಗ್‌ಹ್ಯಾಮ್‌ಗೆ ಹೋಗೋಣ. ಕಾರ್ಖಾನೆಗಳ ಊರು. 17ರ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ತಮ್ಮ ಕೊನೆಯ ದಿನದ ಕೆಲಸದಲ್ಲಿದ್ದಾಗ ಯಂತ್ರ ಅವರ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹಾಕಿತು. ಎಡಗೈಯಿಂದ ಮೀಟುವ ಅವರಿಗೆ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ತೆಳ್ಳಗಿನ ತಂತಿ ಹಾಕಿದರು. ಮುಂದೆ ಒತ್ತಲು ಸುಲಭವಾಗಲೆಂದು ಶ್ರುತಿಯನ್ನೇ ಕೆಳಗಿಳಿಸಿದರು. 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ನಲ್ಲಿ ಅವರು ಬಳಸಿದ್ದು ಅದೇ ಊರಿನ ಲೇನಿ ಆಂಪ್. ಅದರ ಮುಂದೆ ರೇಂಜ್‌ಮಾಸ್ಟರ್ ಎಂಬ ಒಂದೇ ಟ್ರಾನ್ಸಿಸ್ಟರಿನ ಸಣ್ಣ ಡಬ್ಬಿ. ಆ ಡಬ್ಬಿ ಕೆಳಗಿನ ಸ್ವರಗಳನ್ನು ಬಿಟ್ಟು ಮೇಲಿನವನ್ನು ಮಾತ್ರ ದೊಡ್ಡದು ಮಾಡುತ್ತದೆ. ಹೆವಿ ಸದ್ದಿಗೆ ಬಾಸ್ ಕಡಿಮೆ ಮಾಡುವುದೇ ಎಂದು ಕೇಳಬಹುದು. ಹೌದು, ಒಡೆಯುವ ಮೊದಲು ಕಡಿಮೆ ಮಾಡಬೇಕು. ಬಾಸ್ ಹೆಚ್ಚಿರುವ ಸಂಕೇತ ಒಡೆದರೆ ಕೆಸರಿನಂತಾಗುತ್ತದೆ. ಭಾರ ಬೇಕಿದ್ದರೆ ಒಡೆದ ಮೇಲೆ ಸೇರಿಸಬಹುದು. ಇಂದಿಗೂ ಮೆಟಲ್ ಗಿಟಾರ್‌ನವರು ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಆಂಪ್‌ನ ಮುಂದಿಟ್ಟು, ಡ್ರೈವ್ ಸೊನ್ನೆಗೆ ಇಳಿಸಿ, ಲೆವೆಲ್ ಪೂರ್ತಿ ಏರಿಸುತ್ತಾರಲ್ಲ, ಅದು ಅಯೋಮಿಯವರ ಉಪಾಯವೇ.

ಇಷ್ಟರವರೆಗೆ ಒಂದು ಕಷ್ಟ ಉಳಿದಿತ್ತು. ಸದ್ದು ಒಡೆಯಬೇಕಾದರೆ ವಾಲ್ಯೂಮ್ ಪೂರ್ತಿ ಏರಿಸಲೇಬೇಕು, ನೆರೆಮನೆಯವರು ಬಾಗಿಲಿಗೆ ಬರಲೇಬೇಕು. ಇದನ್ನು ಬಿಡಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ರಿಪೇರಿಗಾರ ರ‍್ಯಾಂಡಲ್ ಸ್ಮಿತ್. ಗೆಳೆಯನೊಬ್ಬನನ್ನು ಬೆಚ್ಚಿಬೀಳಿಸಲು ಅವನ ಪುಟ್ಟ ಫೆಂಡರ್ ಪ್ರಿನ್ಸ್‌ಟನ್ ಆಂಪ್‌ನೊಳಗೆ ದೊಡ್ಡ ಬಾಸ್‌ಮನ್ ಸರ್ಕಿಟ್ಟನ್ನು ತುರುಕಿದರಂತೆ. ಕಾರ್ಲೋಸ್ ಸಂಟಾನಾ ಅದನ್ನು ನುಡಿಸಿ ಮೆಚ್ಚಿ ಆಡಿದ ಮಾತಿನಿಂದಲೇ 'ಬೂಗಿ' ಎಂಬ ಹೆಸರು ಬಂತು. 1970ರ ದಶಕದ ಆರಂಭದಲ್ಲಿ ಸ್ಮಿತ್ ಇನ್ನೊಂದು ಹೆಜ್ಜೆ ಇಟ್ಟರು: ಮುಂಭಾಗದಲ್ಲಿ ಮತ್ತೊಂದು ವಾಲ್ವ್ ಹಂತ ಸೇರಿಸಿ, ನಡುನಡುವೆ ವಾಲ್ಯೂಮ್ ಗುಂಡಿಗಳನ್ನು ಇಟ್ಟರು. 50ನ್ನು 50ರಿಂದ ಗುಣಿಸಿದರೆ 2500. ಇನ್ನೊಂದು ಹಂತವಿದ್ದರೆ ಲಕ್ಷ ದಾಟುತ್ತದೆ. ಸದ್ದು ಒಳಗೇ ಒಡೆಯುತ್ತದೆ, ಹೊರಗೆ ಎಷ್ಟು ಗಟ್ಟಿ ಬೇಕೆಂಬುದು ಕೊನೆಯ ಗುಂಡಿಯ ಕೈಯಲ್ಲಿ. ಹೈ-ಗೇನ್ ಎಂದರೆ ಮೂಲದಲ್ಲಿ ಇಷ್ಟೇ. ಇದೇ ಸಾಲಿನ ಮಾರ್ಕ್ 2ಸಿ ಪ್ಲಸ್ ಆಂಪ್ 1986ರ ಮೆಟಾಲಿಕಾ ಆಲ್ಬಮ್ 'ಮಾಸ್ಟರ್ ಆಫ್ ಪಪೆಟ್ಸ್'ನ ಸದ್ದಾಯಿತು.

ಮಾರ್ಷಲ್ ಕೂಡ 1975ರಲ್ಲಿ 2203 ಮಾದರಿಗೆ ಮಾಸ್ಟರ್ ವಾಲ್ಯೂಮ್ ಕೊಟ್ಟಿತು; 1981ರಲ್ಲಿ ಅದೇ ಜೆಸಿಎಂ800 ಆಗಿ ಹೊಸ ರೂಪದಲ್ಲಿ ಬಂತು. ಮುಂದಿನದು ವೇಗದ ಓಟ. 1987ರಲ್ಲಿ ಮೈಕ್ ಸೊಲ್ಡಾನೋ ಅವರ ಎಸ್‌ಎಲ್‌ಒ-100, ಅದರ ಬೆನ್ನಿಗೆ ಮೇಸಾ ಡ್ಯುಯಲ್ ರೆಕ್ಟಿಫೈಯರ್, 1992ರಲ್ಲಿ ಎಡ್ಡಿ ವ್ಯಾನ್ ಹೇಲನ್ ಅವರಿಗಾಗಿ ಪೀವಿಯ ಜೇಮ್ಸ್ ಬ್ರೌನ್ ವಿನ್ಯಾಸಗೊಳಿಸಿದ 5150. ರೆಕ್ಟಿಫೈಯರ್‌ನ ಸರ್ಕಿಟ್ ನಕ್ಷೆಯನ್ನು ಸೊಲ್ಡಾನೋ ನಕ್ಷೆಯ ಪಕ್ಕ ಇಟ್ಟು ನೋಡಿ, ಎಷ್ಟು ಹತ್ತಿರದ ನೆಂಟಸ್ತಿಕೆ ಎಂದು ತಿಳಿಯುತ್ತದೆ. ವ್ಯಾನ್ ಹೇಲನ್ ಪೀವಿಯನ್ನು ಬಿಟ್ಟ ಮೇಲೆ 5150 ಹೆಸರು ಬದಲಿಸಿಕೊಂಡು 6505 ಆಯಿತು. ಅದು ಕಂಪೆನಿಯ 1965ರಿಂದ 2005ರವರೆಗಿನ 40 ವರ್ಷಗಳ ಗುರುತು. ರಾಕ್ ಸೋಲೋ ನುಡಿಸುವ ಎಡ್ಡಿಗಾಗಿ ಮಾಡಿದ ಆಂಪನ್ನು ತೀವ್ರ ಮೆಟಲ್‌ನವರು ತಮ್ಮದಾಗಿಸಿಕೊಂಡರು.

ಈ ನಡುವೆ ವಾಲ್ವ್‌ಗಳ ಕಥೆ ಬೇರೆಯೇ ದಿಕ್ಕಿಗೆ ಹೋಗುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಅಮೆರಿಕ, ಯುರೋಪಿನ ದೊಡ್ಡ ವಾಲ್ವ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿಸಿದ್ದು ಸೋವಿಯತ್ ಸೈನ್ಯ ಎಂದರೆ ನಗು ಬರಬಹುದು. 1976ರಲ್ಲಿ ಒಬ್ಬ ಸೋವಿಯತ್ ಪೈಲಟ್ ಮಿಗ್-25 ವಿಮಾನದೊಂದಿಗೆ ಜಪಾನಿಗೆ ಪಲಾಯನ ಮಾಡಿದಾಗ ಅದರ ಉಪಕರಣಗಳಲ್ಲಿ ವಾಲ್ವ್‌ಗಳನ್ನು ಕಂಡು ಪಾಶ್ಚಾತ್ಯ ತಜ್ಞರು ಬೆರಗಾದರು. ಹೀಗೆ ಉಳಿದ ರಷ್ಯದ ಸರಾಟೋವ್ ಕಾರ್ಖಾನೆಯನ್ನು ಮುಂದೆ ಅಮೆರಿಕದ ಪೆಡಲ್ ತಯಾರಕ ಮೈಕ್ ಮ್ಯಾಥ್ಯೂಸ್ ಕೊಂಡರು. ಇಂದು ಗಿಟಾರ್ ಆಂಪ್‌ಗಳ ವಾಲ್ವ್‌ಗಳು ಮುಖ್ಯವಾಗಿ ಬರುವುದು ರಷ್ಯ, ಸ್ಲೊವಾಕಿಯಾ, ಚೀನಾಗಳಿಂದ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದಿಂದಾಗಿ ರಷ್ಯದ ರಫ್ತು ತಡೆಯಾದಾಗ ಲೋಕದ ಗಿಟಾರಿಗರೆಲ್ಲ ಗಾಬರಿಗೊಂಡರು. ನೀವು ಕೊಳ್ಳುವ ಆಂಪ್‌ನಲ್ಲಿ ಇಎಲ್34 ಇದೆಯೋ 6ಎಲ್6 ಇದೆಯೋ ಎಂದು ಕೇಳುವಾಗ, ಅದು ಹಾಳಾದರೆ ಎಲ್ಲಿಂದ ತರಿಸುವುದು ಎಂದೂ ಕೇಳಿ. ಪವರ್ ವಾಲ್ವ್ ಸವೆಯುವ ವಸ್ತು, ಬೈಕಿನ ಟಯರ್ ಇದ್ದ ಹಾಗೆ.

ಇನ್ನೊಂದು ಕಡೆ, 2013ರ ಡಿಸೆಂಬರ್‌ನಲ್ಲಿ ಮೆಟಾಲಿಕಾ ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಅಲ್ಲಿನ ಪರಿಸರಕ್ಕೆ ಗದ್ದಲವಾಗಬಾರದೆಂದು ದೊಡ್ಡ ಆಂಪ್‌ಗಳೇ ಇಲ್ಲ. ಕೇಳುಗರೆಲ್ಲ ಹೆಡ್‌ಫೋನ್ ಹಾಕಿಕೊಂಡಿದ್ದರು. ಕಂಪ್ಯೂಟರ್ ಚಿಪ್‌ನಲ್ಲಿ ವಾಲ್ವ್‌ನ ವರ್ತನೆಯನ್ನು ಲೆಕ್ಕಹಾಕುವ ಯಂತ್ರಗಳು ಅಷ್ಟರಮಟ್ಟಿಗೆ ಬೆಳೆದಿವೆ. ಮೊದಲ ಬಾರಿ ಹಣ ಹಾಕುವವರು, ಮನೆಯಲ್ಲೇ ಅಭ್ಯಾಸ ಮಾಡುವವರು ಅಂಥದ್ದನ್ನೇ ಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ. ವಾಲ್ವ್ ಪ್ರಿಯರು ನನ್ನನ್ನು ಬೈಯಲಿ.

ಡ್ರಮ್ಮರ್ ಜೊತೆ ನುಡಿಸುವವರಿಗೆ, ವಾಲ್ವೇ ಬೇಕೆನ್ನುವವರಿಗೆ 100 ವಾಟ್ ಬೇಡ. 100ರಿಂದ 50ಕ್ಕೆ ಇಳಿದರೆ ಕಡಿಮೆಯಾಗುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾದಂತೆ ಕೇಳಬೇಕಾದರೆ 10 ವಾಟ್‌ಗೆ ಇಳಿಯಬೇಕು. ಟೌನ್‌ಷೆಂಡ್‌ಗೆ ಇಲ್ಲದ ಮೈಕ್ ಮತ್ತು ಮಿಕ್ಸರ್ ಈಗ ಎಲ್ಲ ಹಾಲ್‌ಗಳಲ್ಲೂ ಇವೆ. ಇದೇ ಪ್ರಸಿದ್ಧ ಸರ್ಕಿಟ್‌ಗಳ 15-20 ವಾಟ್‌ನ ಮರಿಗಳು ಸಿಗುತ್ತವೆ. ನಿಧಾನದ, ಸಬ್ಬತ್ ಬಗೆಯ ಭಾರದ ಸದ್ದಿಗೆ ಸರಳ ಮಾರ್ಷಲ್ ಮಾದರಿಯ ಆಂಪ್ ಮತ್ತು ಒಂದು ಬೂಸ್ಟರ್ ಪೆಡಲ್ ಸಾಕು. ವೇಗವಾಗಿ, ಬಿಗಿಯಾಗಿ ನುಡಿಸುವವರಿಗೆ 5150 ಅಥವಾ ಮಾರ್ಕ್ ಕುಟುಂಬ. ದಪ್ಪ ಗೋಡೆಯಂಥ ಸದ್ದು ಬೇಕಿದ್ದರೆ ರೆಕ್ಟಿಫೈಯರ್; ಅದಕ್ಕೂ ಮುಂದೆ ಒಂದು ಬೂಸ್ಟರ್ ಇದ್ದರೆ ಕೆಸರು ತಿಳಿಯಾಗುತ್ತದೆ. ಬಜೆಟ್ಟಿನ ಒಂದು ಪಾಲನ್ನು ಸ್ಪೀಕರ್ ಪೆಟ್ಟಿಗೆಗೆಂದು ಮೊದಲೇ ಎತ್ತಿಡಿ. ಒಡೆದ ಸದ್ದಿನ ಕರ್ಕಶ ಭಾಗವನ್ನು ಸೋಸುವುದು ಗಿಟಾರ್ ಸ್ಪೀಕರೇ.

ಸೆಕೆಂಡ್ ಹ್ಯಾಂಡ್ ಆದರೆ ಹಿಂಬದಿಯ ಪಟ್ಟಿ ಓದಿ: ಅಮೆರಿಕದ 120 ವೋಲ್ಟಿನದ್ದನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು, ಆದ್ದರಿಂದ ಮುಚ್ಚಳ ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ. ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ, ಗೇನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಟ್ಟೇ ಶುರುಮಾಡಿ.